ಬುಂಡೆಸ್‌ಲಿಗಾಕ್ಕೆ ಮುಂಚೆ ಇದ್ದ ಓಬರ್‌ಲಿಗಾ ವೆಸ್ಟ್ ಎಂಥ ಲೀಗು? ಅದನ್ನು ಯಾಕೆ ನಿಲ್ಲಿಸಿದರು?

ನೀವು ಕೇಳಿರೋದು ಇಷ್ಟು: ಜರ್ಮನಿಯ ಮೇಲಿನ ದರ್ಜೆಯ ಫುಟ್‌ಬಾಲ್ ಲೀಗ್ ಆದ ಬುಂಡೆಸ್‌ಲಿಗಾ ಶುರುವಾಗಿದ್ದು 1963ರಲ್ಲಿ, ಆದರೆ ಡಾರ್ಟ್‌ಮಂಡ್ ತಂಡ 1956ರಲ್ಲೇ ಜರ್ಮನಿಯ ಚಾಂಪಿಯನ್ ಆಗಿದ್ದು ಹೇಗೆ? ಓಬರ್‌ಲಿಗಾ ವೆಸ್ಟ್ ಅನ್ನೋದು ಎರಡನೇ ದರ್ಜೆಯ ಲೀಗಾ? ಅದನ್ನು ಯಾಕೆ ಮುಚ್ಚಿದರು?

ಎರಡನೇ ದರ್ಜೆ ಖಂಡಿತ ಅಲ್ಲ. ಯುದ್ಧ ಮುಗಿದ ಮೇಲೆ 1963ರ ತನಕ ಪಶ್ಚಿಮ ಜರ್ಮನಿಯಲ್ಲಿ ಓಬರ್‌ಲಿಗಾಗಿಂತ ಮೇಲೆ ಬೇರೆ ಲೀಗೇ ಇರಲಿಲ್ಲ. ಅಂಥವು ಒಟ್ಟು ಐದು: ದಕ್ಷಿಣ, ಪಶ್ಚಿಮ, ಉತ್ತರ, ನೈಋತ್ಯ ಮತ್ತು ಬರ್ಲಿನ್. ಪ್ರತಿ ಲೀಗ್‌ನಲ್ಲಿ ಮೇಲೆ ಬಂದ ತಂಡಗಳು ಅಂತಿಮ ಸುತ್ತಿಗೆ ಹೋಗುತ್ತಿದ್ದವು. ಅಲ್ಲಿ ಗೆದ್ದವರೇ ದೇಶದ ಚಾಂಪಿಯನ್. ರಣಜಿ ಟ್ರೋಫಿಯಲ್ಲಿ ಹಿಂದೆ ನಮ್ಮವರು ದಕ್ಷಿಣ ವಲಯದಲ್ಲಿ ಆಡಿ ಆಮೇಲೆ ನಾಕೌಟ್‌ಗೆ ಹೋಗುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಪದ್ಧತಿ. ಡಾರ್ಟ್‌ಮಂಡ್ ಗೆದ್ದಿದ್ದೂ ಹಾಗೇ.

ನಾನು ಕೆಲಸಕ್ಕೆ ಅಂತ ಬಂದು ಎಸ್ಸೆನ್‌ನಲ್ಲಿ ಇರೋನು. ಈ ಲೀಗ್ ನಡೆದ ನೆಲ ಇದೇ ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೀನಿ.

ಜರ್ಮನಿಯಲ್ಲಿ ಅದಕ್ಕೂ ಮುಂಚೆ ಇಡೀ ದೇಶಕ್ಕೆ ಒಂದೇ ಲೀಗ್ ಇದ್ದದ್ದೇ ಇಲ್ಲ. 1933ರಲ್ಲಿ ನಾಜಿಗಳು ಬಂದ ಮೇಲೆ ದೇಶವನ್ನು 16 ಭಾಗ ಮಾಡಿ ಗೌಲಿಗಾ ಅಂತ ನಡೆಸಿದರು. ಆಗ ಮೆರೆದದ್ದು ಗೆಲ್ಸನ್‌ಕಿರ್ಶೆನ್‌ನ ಷಾಲ್ಕೆ. 1934ರಿಂದ 1942ರೊಳಗೆ ಆರು ಸಲ ದೇಶದ ಚಾಂಪಿಯನ್. 1945ರಲ್ಲಿ ಯುದ್ಧದ ಜೊತೆ ಗೌಲಿಗಾವೂ ಮುಗಿಯಿತು. ಅಮೆರಿಕನ್ನರ ಕೈಲಿದ್ದ ದಕ್ಷಿಣ ಭಾಗದಲ್ಲಿ ಅದೇ ವರ್ಷ ನವೆಂಬರ್‌ನಲ್ಲಿ ಲೀಗ್ ಶುರುವಾಗಿಬಿಟ್ಟಿತು. ಪಶ್ಚಿಮ ಭಾಗ ಬ್ರಿಟಿಷರ ಕೈಲಿತ್ತು. ಇಲ್ಲಿ ದೊಡ್ಡ ಲೀಗ್ ಬರೋಕೆ 1947 ಆಯಿತು.

ನಡುವಿನ ಎರಡು ವರ್ಷ ಜನಕ್ಕೆ ಊಟವೇ ಕಷ್ಟ. ತಂಡಗಳು ಹಳ್ಳಿಗಳ ಕಡೆ ಹೋಗಿ ಆಡಿ, ದುಡ್ಡಿನ ಬದಲು ಆಲೂಗಡ್ಡೆ ಇಸಕೊಂಡು ಬರುತ್ತಿದ್ದವು. ಆ ಪಂದ್ಯಗಳಿಗೆ ಆಲೂಗಡ್ಡೆ ಪಂದ್ಯ ಅಂತಲೇ ಹೆಸರಿತ್ತು. 1947ರ ಮೇ ತಿಂಗಳಲ್ಲಿ ಹೆರ್ನೆಯಲ್ಲಿ ವೆಸ್ಟ್‌ಫಾಲಿಯಾ ಫೈನಲ್ ನಡೆದು, ಡಾರ್ಟ್‌ಮಂಡ್ ಷಾಲ್ಕೆಯನ್ನು 3–2ರಿಂದ ಸೋಲಿಸಿತು. ಷಾಲ್ಕೆಯ ದರ್ಬಾರು ಮುಗಿದದ್ದು ಅವತ್ತೇ ಅಂತ ಡಾರ್ಟ್‌ಮಂಡ್‌ನವರು ಈಗಲೂ ಹೇಳುತ್ತಾರೆ. ಷಾಲ್ಕೆಯವರು ಮಾತು ಬದಲಾಯಿಸುತ್ತಾರೆ.

ಆಮೇಲೆ ಬಂದ ಓಬರ್‌ಲಿಗಾ ವೆಸ್ಟ್‌ನ ಮಜಾ ಇರೋದು ಅದರ ಭೂಗೋಳದಲ್ಲಿ. ಲೆಕ್ಕಕ್ಕೆ ಅದು ಈಗಿನ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯಕ್ಕೆಲ್ಲ ಸೇರಿದ್ದು. ಆದರೆ ಅದರ ಜೀವ ಇದ್ದದ್ದು ರೂರ್ ಪ್ರದೇಶದಲ್ಲಿ, ಅಂದರೆ ಎಸ್ಸೆನ್, ಡಾರ್ಟ್‌ಮಂಡ್, ಗೆಲ್ಸನ್‌ಕಿರ್ಶೆನ್ ಎಲ್ಲ ಇರೋ ಗಣಿ ಸೀಮೆಯಲ್ಲಿ. ಇಲ್ಲಿ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತೆ ಅಂತ ಬೋರ್ಡ್ ನೋಡಿದರೆ ಮಾತ್ರ ಗೊತ್ತಾಗೋದು. ಕಲ್ಲಿದ್ದಲು ಗಣಿ, ಪಕ್ಕದಲ್ಲಿ ಗಣಿ ಕೆಲಸದವರ ಮನೆಗಳು, ಅದರ ಪಕ್ಕ ಫುಟ್‌ಬಾಲ್ ಮೈದಾನ. ಎದುರಾಳಿ ತಂಡದ ಊರಿಗೆ ಟ್ರಾಮ್‌ನಲ್ಲಿ ಹೋಗಿ ಬರಬಹುದಿತ್ತು. ಬೈದಾಡಿಕೊಂಡವರು ಮಾರನೇ ದಿನ ಒಂದೇ ಪಾಳಿಯಲ್ಲಿ ಗಣಿಗೆ ಇಳಿಯಬೇಕಿತ್ತು.

ಹಾಗಾಗಿ ಪುಟ್ಟ ಬಡಾವಣೆಗಳ ತಂಡಗಳು ಕೂಡ ದೇಶದ ಮೇಲಿನ ದರ್ಜೆಯಲ್ಲಿ ಆಡುತ್ತಿದ್ದವು. ಎಸ್ಸೆನ್‌ನ ಕಾಟರ್ನ್‌ಬರ್ಗ್ ಅನ್ನೋ ಬಡಾವಣೆ ತಗೊಳ್ಳಿ. ಈಗ ಯುನೆಸ್ಕೊ ಪಟ್ಟಿಯಲ್ಲಿರೋ ತ್ಸೋಲ್‌ಫರೈನ್ ಗಣಿಯ ಮಗ್ಗುಲಿನ ಜಾಗ ಅದು. ಆ ತಂಡ ಮೊದಲ ಋತುವಿನಲ್ಲಿ ಡಾರ್ಟ್‌ಮಂಡ್ ಹಿಂದೆ ಎರಡನೇ ಸ್ಥಾನಕ್ಕೆ ಬಂತು. 1950ರಲ್ಲಿ ಪಶ್ಚಿಮದಿಂದ ದೇಶದ ಅಂತಿಮ ಸುತ್ತಿಗೆ ಹೋದ ನಾಲ್ಕು ತಂಡಗಳಲ್ಲಿ ಗೆಲ್ಸನ್‌ಕಿರ್ಶೆನ್‌ನ ಹೋರ್ಸ್ಟ್-ಎಂಶರ್ ಒಂದು, ಕಲೋನ್ ಹೊರವಲಯದ ಡೆಲ್‌ಬ್ರುಕ್ ಇನ್ನೊಂದು. ಡೆಲ್‌ಬ್ರುಕ್ ಅಂತೂ ಸೆಮಿಫೈನಲ್ ತನಕ ಹೋಯಿತು. ಇವತ್ತು ಆ ಹೆಸರು ಜರ್ಮನಿಯಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಎರ್ಕೆನ್‌ಶ್ವಿಕ್ ಇನ್ನೊಂದು ಗಣಿ ಊರು. ಹೋರ್ಸ್ಟ್ ಶಿಮಾನಿಯಾಕ್ ಅಲ್ಲಿ ಹುಟ್ಟಿದವನು, ಗಣಿಯಲ್ಲಿ ದುಡಿದವನು. 1958 ಮತ್ತು 1962ರ ವಿಶ್ವಕಪ್‌ನಲ್ಲಿ ಆಡಿದ, ನಡುವೆ 1961ರಲ್ಲಿ ಇಟಲಿಗೆ ಹೋದ. ಅವನ ಹೆಸರು ಪೋಲಿಷ್ ಥರ ಕೇಳಿಸುತ್ತೆ ಅಲ್ವಾ? ತಿಲ್ಕೊವ್‌ಸ್ಕಿ, ಕೆಲ್ಬಾಸಾ, ನಿಪಿಕ್ಲೊ, ಹೀಗೆ ಈ ಲೀಗ್ ತುಂಬ ಅಂಥ ಹೆಸರುಗಳೇ. 19ನೇ ಶತಮಾನದ ಕೊನೆಯಿಂದ ಗಣಿ ಕೆಲಸಕ್ಕೆ ಪೂರ್ವದ ಕಡೆಯಿಂದ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು ಇವರು.

ದುಡ್ಡಿನ ವಿಷಯ. ಆಟಗಾರರು ಪೂರ್ತಿ ವೃತ್ತಿಪರರಲ್ಲ. 1940ರ ದಶಕದ ಕೊನೆಯಲ್ಲಿ ಒಪ್ಪಂದದ ಆಟಗಾರ ಅನ್ನೋ ನಿಯಮ ಬಂತು. ತಿಂಗಳಿಗೆ ಹೆಚ್ಚೆಂದರೆ 320 ಮಾರ್ಕ್, ಜೊತೆಗೆ ಬೇರೆ ಉದ್ಯೋಗ ಇರಲೇಬೇಕು. ಗಣಿ ತಂಡಗಳಿಗೆ ಇದು ವರವಾಯಿತು. ಸಂಬಳ ಎಲ್ಲರದೂ ಒಂದೇ ಮಟ್ಟ ಅಂದಮೇಲೆ ಆಟಗಾರನಿಗೆ ಆಸೆ ತೋರಿಸೋಕೆ ಒಳ್ಳೆ ಕೆಲಸ ಬೇಕು, ಮನೆ ಬೇಕು. ಅವೆರಡೂ ಗಣಿಯವರ ಹತ್ತಿರ ಇದ್ದವು.

ನಿಯಮ ಎಲ್ಲರೂ ಪಾಲಿಸಿದರು ಅಂತಲ್ಲ. ಮುನ್‌ಸ್ಟರ್ ತಂಡ 1950ರ ಹೊತ್ತಿಗೆ ಡಾರ್ಟ್‌ಮಂಡ್‌ನ ದೊಡ್ಡ ಗೋಲುಗಾರ ಪ್ರೈಸ್ಲರ್‌ನನ್ನೂ ಇನ್ನಿತರರನ್ನೂ ಸೇರಿಸಿಕೊಂಡು ಐದು ಜನರ ಮುಂಚೂಣಿ ಕಟ್ಟಿತು. ಪತ್ರಿಕೆಗಳು ಅದಕ್ಕೆ ಲಕ್ಷ ಮಾರ್ಕ್ ದಾಳಿ ಅಂತ ಹೆಸರಿಟ್ಟವು. 320 ಮಾರ್ಕಿನ ಕಾಲದಲ್ಲಿ ಲಕ್ಷ ಮಾರ್ಕ್! ಆ ಮುನ್‌ಸ್ಟರ್ 1951ರ ಫೈನಲ್‌ಗೂ ಹೋಗಿ ಕೈಸರ್‌ಸ್ಲೌಟರ್ನ್ ಎದುರು 2–1ರಿಂದ ಸೋತಿತು.

ಈ ಲೀಗ್‌ನ ಒಳ್ಳೆ ಕಾಲ 1954ರಿಂದ 1959. ಸ್ವಿಟ್ಜರ್ಲೆಂಡ್‌ನಲ್ಲಿ ಹಂಗೆರಿಯನ್ನು 3–2ರಿಂದ ಸೋಲಿಸಿ ವಿಶ್ವಕಪ್ ಗೆದ್ದ ತಂಡದಲ್ಲಿ ಈ ಲೀಗ್‌ನ ಮೂವರಿದ್ದರು: ಡಸೆಲ್‌ಡಾರ್ಫ್‌ನ ಗೋಲ್‌ಕೀಪರ್ ಟ್ಯೂರೆಕ್, ಕಲೋನ್‌ನ ಶೇಫರ್, ಎಸ್ಸೆನ್‌ನ ಹೆಲ್ಮುಟ್ ರಾನ್. ಗೆಲುವಿನ ಗೋಲು ರಾನ್‌ನದು. ರಾಟ್-ವೈಸ್ ಎಸ್ಸೆನ್‌ಗೆ ಬರೋಕೆ ಮುಂಚೆ ಅವನು ಅದೇ ಕಾಟರ್ನ್‌ಬರ್ಗ್‌ನಲ್ಲಿ ಆಡಿದ್ದ. ಮಾರನೇ ವರ್ಷ ಎಸ್ಸೆನ್ ಫೈನಲ್‌ನಲ್ಲಿ ಕೈಸರ್‌ಸ್ಲೌಟರ್ನ್ ವಿರುದ್ಧ 4–3ರಿಂದ ಗೆದ್ದಿತು, ಅದರಲ್ಲಿ ಇಸ್ಲಾಕರ್‌ನದೇ ಮೂರು ಗೋಲು. ಹೊಸದಾಗಿ ಶುರುವಾದ ಯುರೋಪಿಯನ್ ಕಪ್‌ನಲ್ಲಿ ಪಶ್ಚಿಮ ಜರ್ಮನಿಯಿಂದ ಆಡಿದ ಮೊದಲ ತಂಡವೂ ಅದೇ. ಮೊದಲ ಸುತ್ತಲ್ಲೇ ಸ್ಕಾಟ್ಲೆಂಡ್‌ನ ಹಿಬರ್ನಿಯನ್ ಬಂದು ಎಸ್ಸೆನ್‌ನಲ್ಲೇ 4–0ರಿಂದ ಹೊಡೆದು ಹೋಯಿತು ಅನ್ನೋದನ್ನ ಇಲ್ಲಿನ ಹಿರಿಯರು ಅಷ್ಟಾಗಿ ಎತ್ತೋದಿಲ್ಲ.

1956 ಮತ್ತು 57ರಲ್ಲಿ ಡಾರ್ಟ್‌ಮಂಡ್ ದೇಶದ ಚಾಂಪಿಯನ್. ಎರಡೂ ಫೈನಲ್‌ನಲ್ಲಿ ಅದೇ ಹನ್ನೊಂದು ಜನ. 1958ರಲ್ಲಿ ಷಾಲ್ಕೆ ಹ್ಯಾಂಬರ್ಗ್‌ನ 3–0ರಿಂದ ಸೋಲಿಸಿತು. ಅಂದರೆ ಸತತ ನಾಲ್ಕು ವರ್ಷ ಪ್ರಶಸ್ತಿ ರೂರ್‌ನಲ್ಲೇ ಉಳಿಯಿತು. ಷಾಲ್ಕೆ ಆಮೇಲೆ ಇವತ್ತಿನವರೆಗೆ ಲೀಗ್ ಪ್ರಶಸ್ತಿ ಗೆದ್ದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಥೆ 1959ರದು. ಆ ವರ್ಷ ಓಬರ್‌ಲಿಗಾ ವೆಸ್ಟ್ ಗೆದ್ದದ್ದು ವೆಸ್ಟ್‌ಫಾಲಿಯಾ ಹೆರ್ನೆ. ಡಾರ್ಟ್‌ಮಂಡ್, ಷಾಲ್ಕೆ, ಕಲೋನ್, ಎಸ್ಸೆನ್ ಎಲ್ಲವನ್ನೂ ಹಿಂದೆ ಹಾಕಿ! ಕೋಚ್ ಫ್ರಿಟ್ಸ್ ಲಾಂಗ್ನರ್, ಗೋಲ್‌ಕೀಪರ್ ಹಾನ್ಸ್ ತಿಲ್ಕೊವ್‌ಸ್ಕಿ. ಹೌದು, 1966ರ ವಿಶ್ವಕಪ್ ಫೈನಲ್‌ನಲ್ಲಿ ಚೆಂಡು ಗೆರೆ ದಾಟಿತೋ ಇಲ್ಲವೋ ಅಂತ ಇನ್ನೂ ಜಗಳ ಇರೋ ಆ ಗೋಲಿನ ಹೊತ್ತಿಗೆ ಕಂಬದ ನಡುವೆ ನಿಂತಿದ್ದವನು. ಮುಂದಿನ ವರ್ಷವೂ ಹೆರ್ನೆ ಎರಡನೇ ಸ್ಥಾನದಲ್ಲಿತ್ತು. ಸುಮ್ನೆ ಒಂದು ಸಲ ಅದೃಷ್ಟ ಖುಲಾಯಿಸಿದ್ದಲ್ಲ.

ಅಷ್ಟರಲ್ಲಿ ಗಣಿಗಳಿಗೇ ಕೆಟ್ಟ ಕಾಲ ಬಂದಿತ್ತು. 1958ರಿಂದ ಅಗ್ಗದ ತೈಲ, ಹೊರದೇಶದ ಅಗ್ಗದ ಕಲ್ಲಿದ್ದಲು ಬಂದು ರೂರ್‌ನ ಕಲ್ಲಿದ್ದಲು ರಾಶಿ ರಾಶಿಯಾಗಿ ಉಳಿಯತೊಡಗಿತು. ಗಣಿಗಳು ಒಂದೊಂದಾಗಿ ಮುಚ್ಚಿದವು. ತಂಡದ ಹಿಂದೆ ನಿಂತ ಗಣಿಯೇ ಬಡವಾದರೆ ತಂಡ ಎಲ್ಲಿ ನಿಲ್ಲುತ್ತೆ? ಎಸ್ಸೆನ್ 1961ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು.

ಇನ್ನೊಂದು ಕಡೆ ಕಲೋನ್ ಏರುತ್ತಿತ್ತು. ಎರಡು ತಂಡಗಳನ್ನು ಸೇರಿಸಿ 1948ರಲ್ಲಿ ಕಟ್ಟಿದ ಕ್ಲಬ್ ಅದು. ಅಧ್ಯಕ್ಷ ಫ್ರಾನ್ಸ್ ಕ್ರೇಮರ್ ಪಕ್ಕಾ ಲೆಕ್ಕಾಚಾರದ ಮನುಷ್ಯ. 1960ರಿಂದ 63ರ ತನಕ ನಾಲ್ಕೂ ವರ್ಷ ಓಬರ್‌ಲಿಗಾ ವೆಸ್ಟ್ ಗೆದ್ದದ್ದು ಕಲೋನ್. ಇಡೀ ದೇಶಕ್ಕೆ ಒಂದೇ ಲೀಗ್ ಬೇಕು ಅಂತ ಎಲ್ಲರಿಗಿಂತ ಜೋರಾಗಿ ಹಠ ಹಿಡಿದದ್ದೂ ಈ ಕ್ರೇಮರ್. ರಾಷ್ಟ್ರೀಯ ತಂಡದ ಕೋಚ್ ಹೆರ್ಬರ್ಗರ್ ಕೂಡ ಅದೇ ಹೇಳುತ್ತಿದ್ದರು. ಐದು ಲೀಗ್‌ಗಳಲ್ಲಿ ಒಳ್ಳೆ ತಂಡಗಳು ಹಂಚಿಹೋಗಿ, ವರ್ಷದಲ್ಲಿ ಅರ್ಧ ಪಂದ್ಯಗಳಿಗೆ ಬಿಗಿಯೇ ಇರುತ್ತಿರಲಿಲ್ಲ. ಒಳ್ಳೆ ಆಟಗಾರರು ದುಡ್ಡಿಗಾಗಿ ಇಟಲಿಗೆ ಹೋಗುತ್ತಿದ್ದರು. 1962ರ ಚಿಲಿ ವಿಶ್ವಕಪ್‌ನಲ್ಲಿ ಜರ್ಮನಿ ಕ್ವಾರ್ಟರ್‌ಫೈನಲ್‌ನಲ್ಲೇ ಯುಗೊಸ್ಲಾವಿಯಾಗೆ ಸೋತಾಗ ವಿರೋಧಿಗಳ ಬಾಯಿ ಕಟ್ಟಿತು. ಅದೇ ಜುಲೈ 28ರಂದು ಡಾರ್ಟ್‌ಮಂಡ್‌ನ ವೆಸ್ಟ್‌ಫಾಲೆನ್ ಹಾಲ್‌ನಲ್ಲಿ ಮತದಾನ ನಡೆಯಿತು. ಪರ 103, ವಿರೋಧ 26.

ಆಮೇಲೆ ನಿಜವಾದ ರಂಪ ಶುರುವಾಯಿತು. ಜಾಗ 16, ಅರ್ಜಿ 46. ಹಿಂದಿನ 12 ವರ್ಷಗಳ ಸಾಧನೆ ಲೆಕ್ಕ ಹಾಕಿದರು. ಇತ್ತೀಚಿನ ನಾಲ್ಕು ವರ್ಷಕ್ಕೆ ಮೂರು ಪಟ್ಟು ಬೆಲೆ, ಅದಕ್ಕೆ ಮುಂಚಿನ ನಾಲ್ಕಕ್ಕೆ ಎರಡು ಪಟ್ಟು. ಜೊತೆಗೆ ಹಣಕಾಸು ಗಟ್ಟಿ ಇರಬೇಕು, 35,000 ಜನ ಹಿಡಿಸೋ ಕ್ರೀಡಾಂಗಣ ಮತ್ತು ಫ್ಲಡ್‌ಲೈಟ್ ಬೇಕು. ಗಣಿ ಊರಿನ ತಂಡಗಳಿಗೆ ಬಾಗಿಲು ಹಾಕಿದ್ದು ಈ ಕೊನೆಯ ಷರತ್ತುಗಳೇ. ಪಶ್ಚಿಮಕ್ಕೆ ಐದು ಜಾಗ ಸಿಕ್ಕವು: ಕಲೋನ್, ಡಾರ್ಟ್‌ಮಂಡ್, ಷಾಲ್ಕೆ, ಮುನ್‌ಸ್ಟರ್, ಮೈಡೆರಿಖ್. 12 ವರ್ಷದ ಲೆಕ್ಕದಲ್ಲಿ ಮೈಡೆರಿಖ್‌ಗಿಂತ ಮುಂದಿದ್ದ ಆಖೆನ್ ಹೊರಗುಳಿದು ದೊಡ್ಡ ತಕರಾರು ತೆಗೆಯಿತು. ಮುನ್‌ಶೆನ್‌ಗ್ಲಾಡ್‌ಬಾಖ್‌ಗೂ ಜಾಗ ಸಿಗಲಿಲ್ಲ, ಅದು 1965ರಲ್ಲಿ ಮೇಲೆ ಬಂತು. ನಾಲ್ಕು ವರ್ಷದ ಹಿಂದಿನ ಚಾಂಪಿಯನ್ ಹೆರ್ನೆ ಎರಡನೇ ದರ್ಜೆಗೆ ಹೋಯಿತು, ತಿಲ್ಕೊವ್‌ಸ್ಕಿ ಡಾರ್ಟ್‌ಮಂಡ್‌ಗೆ ಹೋದ.

ಲೀಗ್ ಎಷ್ಟು ಗಟ್ಟಿಯಾಗಿತ್ತು ಅನ್ನೋದಕ್ಕೆ ಕೊನೆಯ ವರ್ಷ ನೋಡಿದರೆ ಸಾಕು. 1963ರ ದೇಶದ ಫೈನಲ್ ಆಡಿದ ಎರಡೂ ತಂಡ ಇಲ್ಲಿಯವೇ, ಡಾರ್ಟ್‌ಮಂಡ್ ಕಲೋನ್‌ನ 3–1ರಿಂದ ಸೋಲಿಸಿತು. ಬುಂಡೆಸ್‌ಲಿಗಾದ ಮೊದಲ ಋತುವನ್ನು ಕಲೋನ್ ಗೆದ್ದಿತು. ಎರಡನೇ ಸ್ಥಾನ ಯಾರಿಗೆ ಗೊತ್ತಾ? ಸೇರಿಸಬಾರದಿತ್ತು ಅಂತ ಬೈಸಿಕೊಂಡ ಮೈಡೆರಿಖ್‌ಗೆ. ಆ ತಂಡದಲ್ಲಿ ವಯಸ್ಸಾದ ರಾನ್ ಇದ್ದ. ಬುಂಡೆಸ್‌ಲಿಗಾದಲ್ಲಿ ಮೈದಾನದಿಂದ ಹೊರಗೆ ಕಳಿಸಲ್ಪಟ್ಟ ಮೊದಲ ಆಟಗಾರ ಅನ್ನೋ ದಾಖಲೆಯೂ ಅವನದೇ.

ಒಂದೇ ಲೀಗ್ ಮಾಡಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಓಬರ್‌ಲಿಗಾ ಹಾಗೇ ಮುಂದುವರಿದಿದ್ದರೂ ಕಾಟರ್ನ್‌ಬರ್ಗ್, ಹೆರ್ನೆ ಉಳಿಯುತ್ತಿರಲಿಲ್ಲ, ಗಣಿ ಮುಳುಗುತ್ತಿತ್ತಲ್ಲ. ಆದರೆ 35,000 ಜನರ ಕ್ರೀಡಾಂಗಣದ ಷರತ್ತು ಸ್ವಲ್ಪ ಸಡಿಲ ಇದ್ದಿದ್ದರೆ ಒಂದೆರಡು ಚಿಕ್ಕ ತಂಡಗಳಿಗೆ ಸ್ವಲ್ಪ ಕಾಲಾವಕಾಶ ಸಿಗುತ್ತಿತ್ತು ಅಂತ ಮಾತ್ರ ಅನ್ನಿಸುತ್ತೆ.

ಹುಡುಕುವಾಗ ಒಂದು ನೆನಪಿಟ್ಟುಕೊಳ್ಳಿ. ಈಗ ಓಬರ್‌ಲಿಗಾ ವೆಸ್ಟ್‌ಫಾಲೆನ್ ಅಂತ ಒಂದಿದೆ, ಅದು ಐದನೇ ದರ್ಜೆ. ಪೂರ್ವ ಜರ್ಮನಿಯ ಮೇಲಿನ ಲೀಗ್‌ಗೂ ಓಬರ್‌ಲಿಗಾ ಅಂತಲೇ ಹೆಸರಿತ್ತು, 1991ರ ತನಕ. ಹಳೇ ಪಟ್ಟಿ ನೋಡುವಾಗ ವರ್ಷ 1947ರಿಂದ 1963ರೊಳಗೆ ಇದೆಯಾ ಅಂತ ಮೊದಲು ನೋಡಿ. ಆ 16 ಋತುಗಳಲ್ಲಿ ಡಾರ್ಟ್‌ಮಂಡ್ ಆರು, ಕಲೋನ್ ಐದು, ಷಾಲ್ಕೆ ಮತ್ತು ಎಸ್ಸೆನ್ ತಲಾ ಎರಡು, ಹೆರ್ನೆ ಒಂದು ಸಲ ಗೆದ್ದಿವೆ.