ಎರಡೇ ಸೀಟಿನ ಕಾರು, ಐದು ವರ್ಷದ ಕಂತು

ಪ್ರಶ್ನೆ: ನನಗೆ 33 ವರ್ಷ. ಹಾಸನದ ಖಾಸಗಿ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದು, ಕೈಗೆ 58,000 ರೂಪಾಯಿ ಸಂಬಳ ಬರುತ್ತದೆ. ಪತ್ನಿ ನರ್ಸ್, ಅವರಿಗೆ 34,000 ರೂಪಾಯಿ. ನಾಲ್ಕು ವರ್ಷದ ಮಗಳಿದ್ದಾಳೆ. ಅರಕಲಗೂಡಿನ ಹತ್ತಿರ ತಂದೆಯವರು ಶುಂಠಿ ಮತ್ತು ಆಲೂಗಡ್ಡೆ ಬೆಳೆಯುತ್ತಾರೆ. 2016ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆದ ಏಷ್ಯಾ ಪೆಸಿಫಿಕ್ ರ್ಯಾಲಿಯನ್ನು ನೋಡಿದ ದಿನದಿಂದ ನನಗೆ ಒಂದು ಸ್ಪೋರ್ಟ್ಸ್ ಕಾರು ಬೇಕೆಂಬ ಆಸೆ. ಈಗ ಬೆಂಗಳೂರಿನಲ್ಲಿ 2013ರ ನೋಂದಣಿಯ ಬಿಎಂಡಬ್ಲ್ಯು ಝಡ್4 ಒಂದು 20 ಲಕ್ಷ ರೂಪಾಯಿಗೆ ಸಿಗುತ್ತಿದೆ. ಹರಿಯಾಣದ ನಂಬರ್ ಇರುವುದರಿಂದ ಬೆಲೆ ಕಡಿಮೆಯಂತೆ. ಠೇವಣಿಯ 5 ಲಕ್ಷ ಮತ್ತು ಪತ್ನಿಯ ಒಡವೆಯ ಮೇಲೆ 3 ಲಕ್ಷ ಹೊಂದಿಸಬಲ್ಲೆ. ಉಳಿದ 12 ಲಕ್ಷಕ್ಕೆ ಫೈನಾನ್ಸ್ ಕಂಪನಿಯೊಂದು ಶೇ 9ರ ಫ್ಲಾಟ್ ದರದಲ್ಲಿ ಐದು ವರ್ಷದ ಸಾಲ ಕೊಡುತ್ತದೆ. ತಿಂಗಳ ಕಂತು 29,000. ಮನೆಯ ಖರ್ಚು 60,000 ಕಳೆದು ನಮ್ಮಲ್ಲಿ 32,000 ಉಳಿಯುತ್ತದೆ. ಈ ವರ್ಷ ಶುಂಠಿಗೆ ಒಳ್ಳೆಯ ಬೆಲೆ ಬಂದರೆ ಸಾಲವನ್ನು ಬೇಗನೆ ತೀರಿಸಬಹುದು. ಮುಂದುವರಿಯಲೇ?
— ಹಾಸನದ ಓದುಗರೊಬ್ಬರು

ಉತ್ತರ: ಈ ಕಾರನ್ನು ಈ ಸಾಲದಲ್ಲಿ ಕೊಳ್ಳಬೇಡಿ. ಆಸೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಹತ್ತು ವರ್ಷ ಆರದೆ ಉಳಿದ ಆಸೆಯನ್ನು ಹುಡುಗಾಟಿಕೆ ಎಂದು ತಳ್ಳಿಹಾಕುವ ಅಧಿಕಾರ ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿಗಳನ್ನು ನೋಡಿದ ನನಗೂ ಇಲ್ಲ. ಆದರೆ ನೀವು ಕೊಟ್ಟಿರುವ ಅಂಕಿಗಳನ್ನೇ ಮುಂದಿಟ್ಟುಕೊಂಡು ನೋಡಿದರೆ ಲೆಕ್ಕ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂಬುದು ನಿಮಗೇ ಕಾಣುತ್ತದೆ.

ಮೊದಲು ಆ ‘ಶೇ 9’ರ ವಿಷಯ. ಫ್ಲಾಟ್ ದರವೆಂದರೆ, ನೀವು ಪ್ರತಿ ತಿಂಗಳೂ ಅಸಲನ್ನು ತೀರಿಸುತ್ತಾ ಬಂದರೂ ಐದನೆಯ ವರ್ಷದ ಕೊನೆಯ ತಿಂಗಳವರೆಗೆ ಪೂರ್ತಿ 12 ಲಕ್ಷದ ಮೇಲೆಯೇ ಬಡ್ಡಿ ಕಟ್ಟುವುದು. 12 ಲಕ್ಷಕ್ಕೆ ವರ್ಷಕ್ಕೆ 1,08,000, ಐದು ವರ್ಷಕ್ಕೆ 5,40,000 ಬಡ್ಡಿ. ಅಸಲು ಸೇರಿಸಿ 17,40,000ವನ್ನು 60 ತಿಂಗಳಿಗೆ ಹಂಚಿದಾಗ ಬರುವುದೇ ನಿಮಗೆ ಹೇಳಿರುವ 29,000. ಇದೇ ಕಂತನ್ನು ಬ್ಯಾಂಕುಗಳು ಲೆಕ್ಕ ಹಾಕುವ ರೀತಿಯಲ್ಲಿ, ಅಂದರೆ ಇಳಿಯುತ್ತಾ ಹೋಗುವ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕಿ ನೋಡಿದರೆ, ದರ ಸುಮಾರು ಶೇ 15.7 ಆಗುತ್ತದೆ. ಎರಡೂವರೆ ವರ್ಷ ಒಂದು ಕಂತೂ ತಪ್ಪಿಸದೆ 8,70,000 ಕಟ್ಟಿದ ಮೇಲೂ ಅಸಲಿನಲ್ಲಿ ಸುಮಾರು 7,15,000 ಹಾಗೆಯೇ ಉಳಿದಿರುತ್ತದೆ. ಬೇಗ ತೀರಿಸುವ ಮಾತನ್ನು ಆಡಿದ್ದೀರಿ. ಅವಧಿಗೆ ಮೊದಲೇ ಸಾಲ ಮುಗಿಸಿದರೆ ಎಷ್ಟು ಶುಲ್ಕ ಹಾಕುತ್ತಾರೆ ಎಂದು ಕೇಳಿದ್ದೀರಾ? ಪತ್ರದಲ್ಲಿ ಅದರ ಸುಳಿವಿಲ್ಲ.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ, ಎಲ್ಲ ಶುಲ್ಕಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರವನ್ನು ತೋರಿಸುವ ‘ಪ್ರಮುಖ ಅಂಶಗಳ ಹೇಳಿಕೆ’ಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ತನ್ನ ನಿಯಂತ್ರಣದಲ್ಲಿರುವ ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ವಿಧಿಸಿದೆ. ಅದನ್ನು ಕನ್ನಡದಲ್ಲಿಯೇ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ, ಆ ಹಿಂಜರಿಕೆಯೇ ನಿಮಗೆ ಬೇಕಾದ ಉತ್ತರ. ನೀವು ಬ್ಯಾಂಕಿಗೆ ಹೋಗದೆ ಈ ಕಂಪನಿಗೆ ಏಕೆ ಹೋದಿರಿ ಎಂಬುದನ್ನು ಊಹಿಸಬಲ್ಲೆ: ಹಳೆಯ ಕಾರಿಗೆ ಸಾಲ ಕೊಡುವಾಗ ಕಾರಿನ ವಯಸ್ಸು ಮತ್ತು ಸಾಲದ ಅವಧಿ ಎರಡನ್ನೂ ಕೂಡಿಸಿ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಬ್ಯಾಂಕುಗಳು ಗೆರೆ ಎಳೆಯುತ್ತವೆ. 2013ರ ಕಾರು ಆ ಗೆರೆಯನ್ನು ಸಾಲ ಕೇಳುವ ಮೊದಲೇ ದಾಟಿದೆ.

ಇನ್ನು ಉಳಿಯುವ 3,000 ರೂಪಾಯಿ. ಪೆಟ್ರೋಲನ್ನು ಲೀಟರಿಗೆ ನೂರೇ ರೂಪಾಯಿ ಎಂದು ಹಿಡಿದರೆ ಅದರಲ್ಲಿ 30 ಲೀಟರ್ ಬರುತ್ತದೆ. ಮೂರು ಲೀಟರ್ ಸಾಮರ್ಥ್ಯದ ಆರು ಸಿಲಿಂಡರ್ ಎಂಜಿನ್ನು ಲೀಟರಿಗೆ ಎಂಟು ಕಿಲೋಮೀಟರ್ ಕೊಟ್ಟರೂ ತಿಂಗಳಿಗೆ 240 ಕಿಲೋಮೀಟರ್ ಓಡಬಹುದು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಅಂದರೆ ತಿಂಗಳಲ್ಲಿ ಒಮ್ಮೆ ಬೆಂಗಳೂರಿಗೆ ಹೋದರೆ, ಹಿಂದಿರುಗುವಾಗ ಕುಣಿಗಲ್ ಬರುವ ಮುನ್ನವೇ ನಿಮ್ಮ ಆ ತಿಂಗಳ ದುಡ್ಡು ಮುಗಿದಿರುತ್ತದೆ. ಈ ಕಾರಿನ ವಿಷಯದಲ್ಲಿ ಬೆಂಗಳೂರಿಗೆ ಹೋಗದೆಯೂ ವಿಧಿಯಿಲ್ಲ, ಏಕೆಂದರೆ ಅದರ ಮಡಚುವ ಲೋಹದ ಚಾವಣಿಗೆ ಕೈ ಹಾಕಬಲ್ಲ ಮೆಕ್ಯಾನಿಕ್ ಹಾಸನದ ಬಿ.ಎಂ. ರಸ್ತೆಯ ಗ್ಯಾರೇಜುಗಳಲ್ಲಿ ಸಿಗುವುದು ಕಷ್ಟ. ಈ ಮಾದರಿ ಬರುವುದು ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲಾಟ್ ಟೈರುಗಳೊಂದಿಗೆ. ಆದ್ದರಿಂದ ಸ್ಟೆಪ್ನಿಯೇ ಇರುವುದಿಲ್ಲ. ಅಂಥ ಟೈರು ಮಳೆಗಾಲದ ಗುಂಡಿಯಲ್ಲಿ ಪಕ್ಕ ಹರಿದುಕೊಂಡರೆ ಪಂಕ್ಚರ್ ಅಂಗಡಿಯವನಿಂದ ಆಗುವ ಕೆಲಸ ಬಹಳವಿಲ್ಲ, ಬದಲಿ ಟೈರಿಗೆ ನಿಮ್ಮ ಆ 3,000 ಎಲ್ಲಿಗೂ ಸಾಲದು.

ವಿಮೆಯ ವಿಷಯವನ್ನೂ ನೋಡಿ. 1,500 ಸಿಸಿಗಿಂತ ದೊಡ್ಡ ಕಾರಿಗೆ ಥರ್ಡ್ ಪಾರ್ಟಿ (ಅಪಘಾತದಲ್ಲಿ ಬೇರೆಯವರಿಗಾಗುವ ಹಾನಿಯ) ಪ್ರೀಮಿಯಂ ವರ್ಷಕ್ಕೆ 7,897 ರೂಪಾಯಿ ಎಂದು 2022ರಲ್ಲಿ ನಿಗದಿಯಾಗಿದೆ. ಇದು ದೊಡ್ಡ ಖರ್ಚಲ್ಲ. ತೊಡಕಿರುವುದು ಸ್ವಂತ ಹಾನಿಯ ವಿಮೆಯಲ್ಲಿ. ಐದು ವರ್ಷ ದಾಟಿದ ಕಾರಿನ ಮೌಲ್ಯವನ್ನು ವಿಮಾ ಕಂಪನಿಯೂ ಮಾಲೀಕನೂ ಮಾತುಕತೆಯಿಂದ ನಿರ್ಧರಿಸಬೇಕು, ಮತ್ತು ಬಿಡಿಭಾಗಗಳ ಸವಕಳಿಯನ್ನು ಕಳೆಯದೆ ಪೂರ್ತಿ ಹಣ ಕೊಡುವ ಪಾಲಿಸಿ ಇಷ್ಟು ಹಳೆಯ ಕಾರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಎರಡೂವರೆ ವರ್ಷದ ಹೊತ್ತಿಗೆ ಕಾರು ಪೂರ್ತಿ ಜಖಂ ಆಯಿತೆಂದುಕೊಳ್ಳಿ. ವಿಮೆಯಿಂದ ಬಂದ ಹಣ ಮೇಲೆ ಹೇಳಿದ 7,15,000ಕ್ಕಿಂತ ಕಡಿಮೆಯಾದರೆ, ಇಲ್ಲದ ಕಾರಿನ ಕಂತನ್ನು ನೀವು ಕಟ್ಟುತ್ತಿರುತ್ತೀರಿ.

ಹರಿಯಾಣದ ನಂಬರಿನಿಂದ ಬೆಲೆ ಇಳಿದಿಲ್ಲ, ಖರ್ಚು ನಿಮ್ಮ ಕಡೆಗೆ ಜರುಗಿದೆ, ಅಷ್ಟೆ. ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸುವಾಗ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಕಟ್ಟಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ದರ ಇಳಿಯುತ್ತದೆ, ನಿಜ. ಆದರೆ ಆ ಲೆಕ್ಕ ಶುರುವಾಗುವುದು ನೀವು ಕೊಡುವ 20 ಲಕ್ಷದಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ಜೊತೆಗೆ ನೋಂದಣಿಯ 15 ವರ್ಷ 2028ಕ್ಕೆ ಮುಗಿಯುತ್ತದೆ. ಸಾಲದ ನಡುವೆಯೇ ಕಾರನ್ನು ಸದೃಢತಾ ಪರೀಕ್ಷೆಗೆ ಒಯ್ದು, ಹಸಿರು ತೆರಿಗೆ ಕಟ್ಟಿ, ಆರ್‌ಸಿ ನವೀಕರಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಎರಡು ಸಂಗತಿಗಳು. ಝಡ್4 ಎರಡೇ ಸೀಟಿನ ಕಾರು, ನಿಮ್ಮ ಮನೆಯಲ್ಲಿ ಮೂವರಿದ್ದೀರಿ. ಮಗಳಿಗೆ ಮಧ್ಯರಾತ್ರಿ ಜ್ವರ ಬಂದರೆ ನಿಮ್ಮಲ್ಲಿ ಒಬ್ಬರು ಆಟೋ ಹಿಡಿಯಬೇಕಾಗುತ್ತದೆ. ಎರಡನೆಯದಾಗಿ, ಪತ್ರದಲ್ಲಿ ಒಡವೆಯ ಮೇಲೆ ಸಿಗುವ ಹಣದ ಲೆಕ್ಕವಿದೆ, ಒಡವೆಯ ಒಡತಿಯ ಮಾತಿಲ್ಲ. ಅವರ ಸಂಬಳವಿಲ್ಲದೆ ಈ ಕಂತು ನಿಲ್ಲುವುದೂ ಇಲ್ಲ: 60,000 ಮನೆ ಖರ್ಚಿನ ಮುಂದೆ ನಿಮ್ಮೊಬ್ಬರ ಸಂಬಳ ಈಗಲೇ 2,000 ಕಡಿಮೆ ಇದೆ. ಅವರು ಒಂದು ವರ್ಷ ಕೆಲಸ ಬಿಡಬೇಕಾದ ಸಂದರ್ಭ ಬಂದರೆ ಏನು ಮಾಡುತ್ತೀರಿ ಎಂಬುದನ್ನು ಅವರೊಂದಿಗೇ ಕುಳಿತು ಬರೆದು ನೋಡಿ. ಒಡವೆ ಸಾಲಕ್ಕೂ ಬಡ್ಡಿಯಿದೆ. ಅದು ನಿಮ್ಮ ಲೆಕ್ಕದಲ್ಲಿ ಎಲ್ಲಿಯೂ ಬಂದಿಲ್ಲ.

ಶುಂಠಿಯನ್ನು ನಂಬಿ ತಿಂಗಳ ಕಂತನ್ನು ಒಪ್ಪಿಕೊಳ್ಳುವುದರ ಬಗ್ಗೆ ಅರಕಲಗೂಡಿನವರಿಗೆ ನಾನು ಹೇಳಿಕೊಡಬೇಕಾದದ್ದು ಏನೂ ಇಲ್ಲ. 2023ರಲ್ಲಿ ಮೂಟೆಯ ಬೆಲೆ ಮುಗಿಲು ಮುಟ್ಟಿದ್ದನ್ನು ನೋಡಿ ಗುತ್ತಿಗೆಗೆ ಜಮೀನು ಹಿಡಿದು ಬಿತ್ತಿದವರು, ಬೆಲೆ ಕುಸಿದಾಗ ಪಟ್ಟ ಪಾಡನ್ನು ನಿಮ್ಮ ತಂದೆಯವರು ನನಗಿಂತ ಚೆನ್ನಾಗಿ ಬಲ್ಲರು. ಬೆಲೆ ನಿಂತರೂ ಕೊಳೆರೋಗ ಬಿಡಬೇಕಲ್ಲ. ಕಂತಿನ ತಾರೀಖು ಮಾತ್ರ ಮಳೆಯನ್ನೂ ಮಾರುಕಟ್ಟೆಯನ್ನೂ ನೋಡಿ ಬರುವುದಿಲ್ಲ.

ನಾನು ಚಿಕ್ಕಮಗಳೂರು ಜಿಲ್ಲೆಯ ಶಾಖೆಯೊಂದರಲ್ಲಿದ್ದಾಗ ಒಬ್ಬ ಗ್ರಾಹಕರು ಪ್ರತಿ ತಿಂಗಳ ಐದರಂದು ತಪ್ಪದೆ ಬಂದು ಕಾರಿನ ಕಂತು ಕಟ್ಟುತ್ತಿದ್ದರು. ದುಬಾರಿ ವಿದೇಶಿ ಕಾರು. ಬರುತ್ತಿದ್ದದ್ದು ಮಾತ್ರ ಬಸ್ಸಿನಲ್ಲಿ. ಒಮ್ಮೆ ತೋಟದ ಸಾಲದ ಪರಿಶೀಲನೆಗೆಂದು ಅವರ ಮನೆಗೆ ಹೋದಾಗ, ಕಾಫಿ ಮೂಟೆ ಇಡುವ ಕೊಟ್ಟಿಗೆಯ ಮೂಲೆಯಲ್ಲಿ ನೀಲಿ ಟಾರ್ಪಾಲು ಹೊದ್ದ ಆ ಕಾರನ್ನು ಕಂಡೆ. ಟಾರ್ಪಾಲಿನ ಅಂಚು ಎತ್ತಿ ತೋರಿಸಿದರು: ಬಾನೆಟ್ಟಿನ ಕೆಳಗೆ ಇಲಿಗಳು ತೆಂಗಿನ ನಾರು ತಂದು ಗೂಡು ಕಟ್ಟಿದ್ದವು, ಕಡಿದ ವೈರುಗಳ ತುದಿಯಲ್ಲಿ ತಾಮ್ರ ಹೊಳೆಯುತ್ತಿತ್ತು. ರಿಪೇರಿಗೆ ಹೇಳಿದ ಮೊತ್ತ ಅವರ ಐದು ಕಂತಿಗೆ ಸಮನಾಗಿತ್ತು. ಮಾರಲು ಹೋದರೆ ಬಾಕಿಯಷ್ಟೂ ಹುಟ್ಟುತ್ತಿರಲಿಲ್ಲ. ಅವರು ಟಾರ್ಪಾಲನ್ನು ಮತ್ತೆ ಎಳೆದು, ಅಂಚಿಗೆ ಎರಡು ಇಟ್ಟಿಗೆ ಇಟ್ಟು, ಒಳಗೆ ಬನ್ನಿ, ಕಾಫಿ ಕುಡಿಯೋಣ ಎಂದರು.

ಹಾಗಾದರೆ ಏನು ಮಾಡಬಹುದು? ನೀವು ಕಟ್ಟಲು ಸಿದ್ಧರಿರುವ 29,000ವನ್ನು ಮುಂದಿನ ತಿಂಗಳಿನಿಂದಲೇ, ತಿಂಗಳು ತಿಂಗಳೂ ಹಣ ಕೂಡಿಡುವ ಆರ್‌ಡಿ ಖಾತೆಯೊಂದಕ್ಕೆ ಹಾಕಿ. ಶಾಲೆಯ ಫೀಸು, ಗೌರಿ ಹಬ್ಬ, ನೆಂಟರ ಮನೆಯ ಮದುವೆ ಎಲ್ಲವೂ ಬಂದುಹೋಗುವಂತೆ ಒಂದು ವರ್ಷ ಪೂರ್ತಿ ಹಾಕಬೇಕು. ಒಂದು ತಿಂಗಳು ತಪ್ಪಿದರೂ ಅದು ಆರ್‌ಡಿಯಲ್ಲಿ ತಪ್ಪಿದ್ದೇ ಹೊರತು ಸಾಲದಲ್ಲಿ ಅಲ್ಲ. ವರ್ಷ ತುಂಬಿದಾಗ ಬಡ್ಡಿ ಬಿಟ್ಟು 3,48,000 ಕೈಯಲ್ಲಿರುತ್ತದೆ. ಠೇವಣಿಯ 5 ಲಕ್ಷಕ್ಕೆ ಕೈ ಹಚ್ಚಬೇಡಿ, ಅದು ಆಸ್ಪತ್ರೆಗೂ ಕೆಲಸ ಹೋದ ದಿನಕ್ಕೂ ಇರಲಿ. ಕೂಡಿಟ್ಟ ಆ 3,48,000ಕ್ಕೆ ಮತ್ತೊಂದು ವರ್ಷದ್ದನ್ನು ಸೇರಿಸಿದರೆ, ನಾಲ್ಕು ಸೀಟಿನ, ಓಡಿಸಲು ಚುರುಕಾದ, ಹಾಸನದಲ್ಲಿಯೇ ರಿಪೇರಿಯಾಗುವ ಹ್ಯಾಚ್‌ಬ್ಯಾಕ್ ಒಂದನ್ನು ಸಾಲವಿಲ್ಲದೆ ಕೊಳ್ಳಬಹುದು. ನಮ್ಮ ದೇಶದ ರ್ಯಾಲಿಗಳಲ್ಲಿ ಮಾರುತಿ ಜಿಪ್ಸಿಗಳು, ಫೋಕ್ಸ್‌ವ್ಯಾಗನ್ ಪೋಲೊಗಳು ಎಷ್ಟು ವರ್ಷ ದೂಳೆಬ್ಬಿಸಿವೆ ಎಂಬುದು ನಿಮಗೆ ಗೊತ್ತೇ ಇದೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಓಡಿಸಿದ್ದೂ ಹ್ಯಾಚ್‌ಬ್ಯಾಕ್ ಆದ ಸ್ಕೋಡಾ ಫ್ಯಾಬಿಯಾವನ್ನೇ ಅಲ್ಲವೇ? ಸ್ಪರ್ಧೆಗೆಂದೇ ಕಟ್ಟಿದ ಕಾರು ಅದು ಎಂಬುದನ್ನು ಒಪ್ಪುತ್ತೇನೆ. ಆದರೂ ನೀವು ತೋಟದ ಬೇಲಿಯ ಪಕ್ಕ ನಿಂತು ಮರುಳಾದದ್ದು ಮಡಚುವ ಚಾವಣಿಗಲ್ಲ.

ಪ್ರಶ್ನೆ: ಮೂಡಿಗೆರೆ ಕಡೆ ನಮಗೆ ನಾಲ್ಕು ಎಕರೆ ಕಾಫಿ ತೋಟವಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಇಂಥದ್ದೇ ಕಾರಿಗೆ ಸಾಲ ಮಾಡುತ್ತಿದ್ದಾನೆ. ಅವನ ಸಂಬಳ ಸಾಲದೆಂದು ನನ್ನ ಜಾಮೀನು ಕೇಳುತ್ತಿದ್ದಾರೆ. ‘ಬರೀ ಒಂದು ಸಹಿ ಅಪ್ಪ’ ಎನ್ನುತ್ತಾನೆ. ಹಾಕಬಹುದೇ?
— ಮೂಡಿಗೆರೆ ತಾಲ್ಲೂಕಿನ ಬೆಳೆಗಾರರು

ಉತ್ತರ: 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಮಗನನ್ನು ಮೊದಲು ಕೇಳಿ, ಅವನಿಂದ ಬಾರದಿದ್ದರೆ ಮಾತ್ರ ನನ್ನಲ್ಲಿಗೆ ಬನ್ನಿ ಎಂದು ನೀವು ಹೇಳುವಂತಿಲ್ಲ. ಸಾಲ ಕೊಟ್ಟವರು ನೇರವಾಗಿ ನಿಮ್ಮ ಬಳಿಗೇ ಬರಬಹುದು. ಸಂಬಳ ಸಾಲದೆಂದು ಅವರೇ ಲೆಕ್ಕ ಹಾಕಿ ಹೇಳಿರುವಾಗ, ಕಂತು ಕಟ್ಟುವವರ ಸಾಲಿನಲ್ಲಿ ನಿಮ್ಮನ್ನೂ ಎಣಿಸಿಕೊಂಡಿದ್ದಾರೆ ಎಂದೇ ತಿಳಿಯಿರಿ.

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷದಲ್ಲಿ ಮಗನಿಗೆ ಸಹಾಯ ಮಾಡಬೇಕೆನಿಸಿದರೆ, ಕೈಯಿಂದ ಹೋದರೂ ಚಿಂತೆಯಿಲ್ಲ ಎನ್ನುವಷ್ಟು ಹಣವನ್ನು ಒಂದೇ ಸಲ ಕೊಟ್ಟುಬಿಡಿ, ಅವನು ತನ್ನ ಸಂಬಳಕ್ಕೆ ಹೊಂದುವಷ್ಟೇ ಸಾಲ ಮಾಡಲಿ. ಜಾಮೀನು ಹಾಗಲ್ಲ, ಹಣ ಒಮ್ಮೆ ಬಿಡುಗಡೆಯಾದ ಮೇಲೆ ಮನಸ್ಸು ಬದಲಾಯಿತೆಂದು ಹಿಂದೆ ಪಡೆಯಲು ಬರುವುದಿಲ್ಲ. ಅಷ್ಟಾಗಿಯೂ ಸಹಿ ಹಾಕುವುದೆಂದು ತೀರ್ಮಾನಿಸಿದರೆ, ನಿಮ್ಮ ಬೆಳೆಸಾಲದ ನವೀಕರಣ ಯಾವ ತಿಂಗಳಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಮಗನ ಕಂತು ತಪ್ಪಿದ ಗುರುತು ಸಾಲ ತೀರಿಸಿದ ಚರಿತ್ರೆಯನ್ನು ತೋರಿಸುವ ನಿಮ್ಮ ಸಿಬಿಲ್ ವರದಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ, ಬ್ಯಾಂಕಿನವರು ಅದನ್ನು ನಿಮ್ಮ ಎದುರಿಗಿಟ್ಟು ಕೇಳುತ್ತಾರೆ.