ನಂಬಿಕೆ ಕಡಿಮೆ ಇದ್ದರೂ ದೇವರು ಪ್ರಾರ್ಥನೆ ಕೇಳುತ್ತಾನಾ?

ಕೇಳುತ್ತಾನೆ. ನಿಮ್ಮ ನಂಬಿಕೆ ಗಟ್ಟಿಯಿಲ್ಲ ಎಂದು ಬರೆದಿದ್ದೀರಿ. ಬೈಬಲ್‌ನಲ್ಲಿ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ಓದಿ. ಕಾಯಿಲೆಯ ಮಗನನ್ನು ಕರೆತಂದ ತಂದೆಯೊಬ್ಬ, ನಂಬುತ್ತೇನೆ, ಆದರೆ ನನ್ನ ನಂಬಿಕೆ ಸಾಲದು, ನೀನೇ ಸಹಾಯ ಮಾಡು ಎಂದು ಕೂಗುತ್ತಾನೆ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಮಗ ವಾಸಿಯಾದ. ಇದಕ್ಕಿಂತ ಪ್ರಾಮಾಣಿಕ ಪ್ರಾರ್ಥನೆ ನನಗಂತೂ ಗೊತ್ತಿಲ್ಲ.

ಇನ್ನು ಕೃಪೆ, ಅಂದರೆ ಅರ್ಹತೆ ನೋಡದೆ ದೇವರು ತೋರುವ ದಯೆ. ನಂಬಿಕೆ ಕಡಿಮೆ ಇದ್ದವರ ಪ್ರಾರ್ಥನೆಯನ್ನೂ ಅವನು ಕೇಳುವುದು ಇದರಿಂದಲೇ. ಕೃಪೆ ಎನ್ನುವ ಗ್ರೀಕ್ ಪದ 'ಖಾರಿಸ್' ಮತ್ತಾಯನ ಸುವಾರ್ತೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಆದರೆ ಅದರ 20ನೇ ಅಧ್ಯಾಯದ ಕಥೆ ಪೂರ್ತಿ ಕೃಪೆಯೇ.

ನಮ್ಮ ಸಿಂಧನೂರು ಕಡೆ ಭತ್ತದ ನಾಟಿ ಹೊತ್ತಿನಲ್ಲಿ ಕೂಲಿಗೆ ಕಾದು ನಿಂತವರನ್ನು ನೋಡಿರುತ್ತೀರಿ ಅಲ್ವಾ? ಬಿಸಿಲೇರಿದರೂ ಯಾರೂ ಕರೆಯದಿದ್ದರೆ ಮುಖ ಬಾಡುತ್ತದೆ. ರಾತ್ರಿ ಮಕ್ಕಳಿಗೆ ಏನು ಹಾಕುವುದು? ಯೇಸು ಹೇಳಿದ ಆ ಕಥೆಯಲ್ಲಿ ದ್ರಾಕ್ಷಿ ತೋಟದ ಯಜಮಾನ ಸಂಜೆ 5ಕ್ಕೂ ಹೋಗಿ ಅಂಥವರನ್ನು ಕರೆಯುತ್ತಾನೆ. ಒಂದೇ ತಾಸು ದುಡಿದವರಿಗೂ ಒಂದು ದೆನಾರಿ ಕೊಡುತ್ತಾನೆ. ಅದು ಆಗಿನ ಒಂದು ಇಡೀ ದಿನದ ಪಗಾರ. ಬೆಳಿಗ್ಗೆಯಿಂದ ದುಡಿದವರು ಗೊಣಗುತ್ತಾರೆ, ಆದರೆ ಅವರಿಗೆ ಮಾತಾಡಿದ ಕೂಲಿ ಪೂರ್ತಿ ಸಿಕ್ಕಿತ್ತು. ಯಜಮಾನ ನೋಡಿದ್ದು ದುಡಿದ ತಾಸುಗಳನ್ನಲ್ಲ, ಆ ಮನೆಗಳ ಹಸಿವನ್ನು. ನಾನು ಹೀಗೇ ಓದುತ್ತೇನೆ.

ಪ್ರಾರ್ಥನೆಗೆ ಉದ್ದ ಮಾತು ಬೇಡ. ಲೂಕನ ಸುವಾರ್ತೆಯ 18ನೇ ಅಧ್ಯಾಯದ ಸುಂಕದವನು, ಅಂದರೆ ತೆರಿಗೆ ವಸೂಲಿಗಾರ, ತಲೆ ಎತ್ತಲಾರದೆ, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಕೇಳಿದ. ನೀವೂ ಇವತ್ತು ಅಷ್ಟರಿಂದಲೇ ಶುರು ಮಾಡಿ.