‘ಈ ದಿನ: ಮಾರ್ಚ್ 14’ ಲೇಖನದ ಬಗ್ಗೆ ಸಂಪಾದಕರ ಉತ್ತರ

ಮಾನ್ಯರೆ,

ನೀವು ಕಳುಹಿಸಿದ ‘ಈ ದಿನ: ಮಾರ್ಚ್ 14’ ಲೇಖನವನ್ನು ಪೂರ್ತಿಯಾಗಿ, ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ನೀವು ಕೂಡಿಹಾಕಿರುವ ಸಾಮಗ್ರಿಯಲ್ಲಿ ಒಂದು ಒಳ್ಳೆಯ ಲೇಖನಕ್ಕೆ ಬೇಕಾದುದೆಲ್ಲ ಇದೆ ಎಂದು ನನಗೆ ಮನವರಿಕೆಯಾಗಿರುವುದರಿಂದ, ವಿಷಾದದ ಎರಡು ಸಾಲು ಬರೆದು ಮುಗಿಸದೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಐನ್‌ಸ್ಟೀನ್ ಅವರ ಜನನ, ಮಾರ್ಕ್ಸ್ ಅವರ ಮರಣ, ಭಾರತದ ಮೊದಲ ವಾಕ್ಚಿತ್ರದ ಬಿಡುಗಡೆ, ಪೈ ದಿನ, ಹಾಕಿಂಗ್ ಅವರ ನಿಧನ ಇವೆಲ್ಲವನ್ನೂ ನೀವು ಇಸವಿಯ ಕ್ರಮದಲ್ಲಿ ಜೋಡಿಸಿ, ಒಂದೊಂದಕ್ಕೂ ಎರಡೆರಡು ವಾಕ್ಯ ಕೊಟ್ಟಿದ್ದೀರಿ. ಇಸವಿಗಳು ಸರಿಯಾಗಿವೆ. ಆದರೆ ಒಂದೇ ತಾರೀಖಿಗೆ ಸೇರಿವೆ ಎಂಬುದನ್ನು ಬಿಟ್ಟರೆ ಅವುಗಳ ನಡುವೆ ಬೇರೆ ಸಂಬಂಧವನ್ನು ನೀವು ತೋರಿಸಿಲ್ಲ, ಮತ್ತು ಒಂದೇ ತಾರೀಖಿಗೆ ಸೇರುವುದು ಅಂಥ ವಿಶೇಷವೇನೂ ಅಲ್ಲ. ಕೇವಲ 23 ಜನ ಒಂದು ಕೋಣೆಯಲ್ಲಿ ಸೇರಿದರೂ ಅವರಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ಹೀಗಿರುವಾಗ ಶತಮಾನಗಳ ದಾಖಲೆಯನ್ನು 366 ದಿನಗಳಿಗೆ ಹಂಚಿದರೆ ಯಾವ ದಿನವೂ ಬರಿದಾಗಿ ಉಳಿಯುವುದಿಲ್ಲ. ನೀವು ಮಾರ್ಚ್ 14ರ ಬದಲು ಬೇರೆ ಯಾವ ದಿನವನ್ನು ಎತ್ತಿಕೊಂಡಿದ್ದರೂ ಇಷ್ಟೇ ಉದ್ದದ ಪಟ್ಟಿ ಸಿಗುತ್ತಿತ್ತು.

ನಿಮ್ಮ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಬಗೆಯ ಸಂಗತಿಗಳು ಬೆರೆತಿವೆ. ಹುಟ್ಟು ಸಾವುಗಳು ತಾವಾಗಿ ಬಂದು ಒಂದು ದಿನಕ್ಕೆ ಸೇರುತ್ತವೆ. ಆಚರಣೆಗಳನ್ನಾದರೋ ಯಾರೋ ಕುಳಿತು, ಯೋಚಿಸಿ, ಇದೇ ದಿನವಾಗಲಿ ಎಂದು ಆರಿಸಿರುತ್ತಾರೆ. ಆರಿಸಿದವರು ಯಾರು, ಏಕೆ ಆರಿಸಿದರು, ಅದನ್ನು ಯಾರು ಒಪ್ಪಿದರು ಎಂಬ ಪ್ರಶ್ನೆಗಳಲ್ಲಿ ಕಥೆಯಿದೆ. ‘ಇಂದು ಪೈ ದಿನವನ್ನು ವಿಶ್ವದಾದ್ಯಂತ ಸಂಭ್ರಮದಿಂದ ಆಚರಿಸಲಾಗುತ್ತದೆ’ ಎಂದು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯದಲ್ಲಿ ಲ್ಯಾರಿ ಶಾ ಎಂಬ ಭೌತವಿಜ್ಞಾನಿ ಇದನ್ನು ಆರಂಭಿಸಿದರು. ಒಂದು ಸಂಸ್ಥೆಯ ಒಳಗೆ ಹುಟ್ಟಿದ ಈ ಆಚರಣೆಯನ್ನು 2009ರಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆ ನಿರ್ಣಯದ ಮೂಲಕ ಬೆಂಬಲಿಸಿತು; 2019ರಲ್ಲಿ ಯುನೆಸ್ಕೊ ಅದೇ ದಿನವನ್ನು ಅಂತರರಾಷ್ಟ್ರೀಯ ಗಣಿತ ದಿನವೆಂದು ಘೋಷಿಸಿತು. ಇಷ್ಟೆಲ್ಲ ನಿಂತಿರುವುದು ತಿಂಗಳನ್ನು ಮೊದಲು, ದಿನಾಂಕವನ್ನು ಅನಂತರ ಬರೆಯುವ ಅಮೆರಿಕದ ರೂಢಿಯ ಮೇಲೆ. ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ಸಿಗುವ ಪೈ ಮೌಲ್ಯ ಸುಮಾರು 3.14; ಹಾಗೆ ಬರೆದಾಗ ಮಾತ್ರ 3 ಮತ್ತು 14 ಈ ಕ್ರಮದಲ್ಲಿ ಬರುತ್ತವೆ. ದಿನಾಂಕವನ್ನು ಮೊದಲು ಬರೆಯುವ ಕ್ರಮಕ್ಕೆ ಒಗ್ಗುವುದು ಜುಲೈ 22, ಅಂದರೆ 22/7. ಈ ಭಿನ್ನರಾಶಿಯು 3.14ಕ್ಕಿಂತ ಪೈ ಮೌಲ್ಯಕ್ಕೆ ಹೆಚ್ಚು ಹತ್ತಿರವಾಗಿದೆ ಎಂಬುದನ್ನು ನಿಮ್ಮ ಓದುಗರು ತಾವೇ ಲೆಕ್ಕ ಹಾಕಿ ನೋಡಬಹುದು. ಇಷ್ಟನ್ನು ಸಾವಧಾನವಾಗಿ ಹೇಳಿದ್ದರೆ ಲೇಖನದ ಅರ್ಧ ಭಾಗ ಇದರಿಂದಲೇ ತುಂಬುತ್ತಿತ್ತು.

ಇನ್ನು ನೀವು ಬಹಳ ಉತ್ಸಾಹದಿಂದ ಬರೆದಿರುವ ‘ವಿಧಿಯ ಸರಪಳಿ’ಯ ವಿಷಯ. ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದರು, ಗೆಲಿಲಿಯೊ ತೀರಿಕೊಂಡು ಸರಿಯಾಗಿ 300 ವರ್ಷಗಳಾದ ದಿನ ಹಾಕಿಂಗ್ ಹುಟ್ಟಿದರು, ಐನ್‌ಸ್ಟೀನ್ ಹುಟ್ಟಿದ ತಾರೀಖಿನಂದೇ ಹಾಕಿಂಗ್ ತೀರಿಕೊಂಡರು, ಇಬ್ಬರೂ ಬದುಕಿದ್ದು 76 ವರ್ಷ ಎಂದು ನೀವು ಬರೆದಿದ್ದೀರಿ. ಇದರಲ್ಲಿ ಮೊದಲ ಕೊಂಡಿ ನಿಲ್ಲುವುದಿಲ್ಲ. ಗೆಲಿಲಿಯೊ ತೀರಿಕೊಂಡ 1642ರ ಜನವರಿ 8 ಇಟಲಿಯಲ್ಲಿ ಆಗಲೇ ಬಳಕೆಗೆ ಬಂದಿದ್ದ ಗ್ರೆಗೋರಿಯನ್ ಪಂಚಾಂಗದ ದಿನಾಂಕ. ನ್ಯೂಟನ್ ಹುಟ್ಟಿದರೆನ್ನುವ 1642ರ ಡಿಸೆಂಬರ್ 25 ಇಂಗ್ಲೆಂಡ್ 1752ರವರೆಗೂ ಬಿಡದಿದ್ದ ಜೂಲಿಯನ್ ಪಂಚಾಂಗದ ದಿನಾಂಕ. ಆ ಕಾಲದಲ್ಲಿ ಎರಡರ ನಡುವೆ 10 ದಿನಗಳ ಅಂತರವಿತ್ತು. ಒಂದೇ ಪಂಚಾಂಗಕ್ಕೆ ಇಳಿಸಿದರೆ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4ರಂದು. ಹಳೆಯ ಜನ್ಮದಿನಗಳನ್ನು ಒಟ್ಟಿಗೆ ಇಡುವ ಯಾರೇ ಆಗಲಿ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಇದು: ಈ ದಿನಾಂಕ ಯಾವ ಪಂಚಾಂಗದ್ದು?

ಉಳಿದ ಕೊಂಡಿಗಳು ನಿಜ. ಆದರೆ ಅವುಗಳನ್ನು ವಿಧಿ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ತಾವು ಹುಟ್ಟಿದ ದಿನದಂದೇ ಇನ್ನೂ ಸುಮಾರು 2 ಲಕ್ಷ ಶಿಶುಗಳು ಹುಟ್ಟಿರಬಹುದೆಂದು ಸ್ವತಃ ಹಾಕಿಂಗ್ ಅಂದಾಜಿಸಿದ್ದರು. ಈ ಒಂದು ಮಾತನ್ನು ನಿಮ್ಮ ಲೇಖನದಲ್ಲಿ ಸೇರಿಸಿದ್ದರೆ, ಆಕಸ್ಮಿಕಗಳ ಬಗ್ಗೆ ಅವರು ಹೇಗೆ ಯೋಚಿಸುತ್ತಿದ್ದರೆಂಬುದು ಓದುಗರಿಗೆ ತಿಳಿಯುತ್ತಿತ್ತು. ‘ವಿಜ್ಞಾನಲೋಕದ ಧ್ರುವತಾರೆ’ ಎಂಬ ನಿಮ್ಮ ವಿಶೇಷಣದಿಂದ ಏನೂ ತಿಳಿಯುವುದಿಲ್ಲ.

ವಿಶೇಷಣಗಳ ಮಾತು ಬಂದುದರಿಂದ ಹೇಳುತ್ತೇನೆ: ‘ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ’, ‘ಅಜರಾಮರ’, ‘ಎಂದೆಂದಿಗೂ ಮರೆಯಲಾಗದ’ ಮುಂತಾದವನ್ನು ನಿಷ್ಠುರವಾಗಿ ತೆಗೆದುಹಾಕಿ, ತೆರವಾದ ಜಾಗದಲ್ಲಿ ಒಂದೊಂದು ವಿವರವನ್ನು ಇಡಿ. ಮಾರ್ಕ್ಸ್ ‘ಇಹಲೋಕ ತ್ಯಜಿಸಿದರು’ ಎಂದಷ್ಟೇ ಬರೆದಿದ್ದೀರಿ. 1883ರ ಮಾರ್ಚ್ 17ರಂದು ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಮಾತನಾಡಿದ ಎಂಗೆಲ್ಸ್, ಮೂರು ದಿನಗಳ ಹಿಂದೆ ಮಧ್ಯಾಹ್ನ ಮೂರು ಗಂಟೆಗೆ ಕಾಲುಗಂಟೆ ಇರುವಾಗ ಆ ಸಾವು ಸಂಭವಿಸಿತೆಂದೂ, ಎರಡು ನಿಮಿಷವಷ್ಟೇ ಒಂಟಿಯಾಗಿ ಬಿಟ್ಟು ಮರಳಿ ಬಂದಾಗ ಗೆಳೆಯ ಆರಾಮಕುರ್ಚಿಯಲ್ಲಿ ನಿದ್ರಿಸಿದಂತಿದ್ದರೆಂದೂ ಹೇಳಿದ್ದರು. ಹಾಗೆಯೇ 1931ರಲ್ಲಿ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ ‘ಆಲಂ ಆರಾ’ ಭಾರತದ ಮೊದಲ ವಾಕ್ಚಿತ್ರವೆಂದು ಹೊಗಳಿದ್ದೀರಿ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ, ನಮಗೆ ಮೊದಲು ಕೇಳಿಸಿದ ಆ ಧ್ವನಿಯನ್ನು ಈಗ ಯಾರೂ ಕೇಳಲಾರರು ಎಂಬುದನ್ನು ಬಿಟ್ಟಿದ್ದೀರಿ. ಐನ್‌ಸ್ಟೀನ್ ‘ಉಲ್ಮ್ ನಗರದಲ್ಲಿ ಹುಟ್ಟಿ ಬೆಳೆದರು’ ಎಂಬುದನ್ನು ತಿದ್ದಿಕೊಳ್ಳಿ: ಹುಟ್ಟಿದ್ದು ಅಲ್ಲಿ, ಆದರೆ 1880ರಲ್ಲೇ ಕುಟುಂಬ ಮ್ಯೂನಿಕ್‌ಗೆ ಹೋಯಿತು.

ಪರಿಷ್ಕರಿಸುವಾಗ ಪಟ್ಟಿಯನ್ನು ಸಂಪೂರ್ಣವಾಗಿ ಬಿಟ್ಟುಬಿಡಿ. ಒಂದು ದಿನಕ್ಕೆ ಅರ್ಥ ಬರುವುದು ಮನುಷ್ಯರು ಅದನ್ನು ಆರಿಸಿದಾಗ ಎಂಬ ಎಳೆಯನ್ನು ಹಿಡಿದು, ಪೈ ದಿನದಿಂದ ಆರಂಭಿಸಿ, ಹಾಕಿಂಗ್ ಅವರ ಲೆಕ್ಕಾಚಾರದತ್ತ ಬನ್ನಿ. ಮಾರ್ಕ್ಸ್ ಮತ್ತು ವಾಕ್ಚಿತ್ರಕ್ಕೆ ಅಲ್ಲಿ ಜಾಗವಿಲ್ಲವೆನಿಸಿದರೆ ಸಂಕೋಚಪಡದೆ ಕೈಬಿಡಿ, ಅವು ಬೇರೆ ಲೇಖನಗಳಾಗಬಲ್ಲವು. ಸಾವಿರ ಪದಗಳು ಸಾಕು. ಮಾರ್ಚ್ ಸಂಚಿಕೆಯ ಪುಟಗಳು ಫೆಬ್ರುವರಿಯ ಮಧ್ಯದಲ್ಲೇ ಸಿದ್ಧವಾಗುವುದರಿಂದ, ಜನವರಿ ಮುಗಿಯುವುದರೊಳಗೆ ಹೊಸ ಪ್ರತಿ ನನ್ನ ಕೈಸೇರಲಿ.

ಇತಿ,
ಸಂಪಾದಕ